ಸೋಷಿಯಲಿಸ್ಟ್ ನಾಯಕ ಶಾಂತವೇರಿ ಗೋಪಾಲಗೌಡ್ರು ಮಂತ್ರಿನೇ ಆಗಿರ್ಲಿಲ್ಲ, ಮತ್ತೆ ಅವ್ರಿಂದ ಜಮೀನು ಬಂತು ಅಂತಾರಲ್ಲ, ಅದು ಹೇಗೆ?

ಹೊಸನಗರದ ಹುಡ್ಗ:
ಮೊನ್ನೆ ಅಟ್ಟ ಕ್ಲೀನ್ ಮಾಡ್ವಾಗ ಅಜ್ಜನ ಕಾಲದ್ದು ಭತ್ತ ಅಳೆಯೋ ಒಂದು ಮರದ ಕೊಳಗ ಸಿಕ್ತು, ಬಾಯಿಗೆ ಹಿತ್ತಾಳೆ ಪಟ್ಟಿ ಹೊಡ್ದಿದ್ದು. ಅಪ್ಪ ಅದನ್ನ ನೋಡಿದ್ದೇ ತಡ ಗೋಪಾಲಗೌಡ್ರ ಕಥೆ ಶುರು. ನಮ್ಮಜ್ಜ ಗೇಣಿದಾರ, ಅಂದ್ರೆ ಬೇರೆಯವ್ರ ಗದ್ದೆ ಉತ್ತು ಭತ್ತ ಕೊಡೋರು, ಈಗಿರೋ ಗದ್ದೆ ಗೌಡ್ರಿಂದಾನೇ ಬಂದಿದ್ದು ಅಂತಾರೆ. ಆದ್ರೆ ಅವ್ರು ತೀರ್ಕೊಂಡಿದ್ದು 1972ರ ಜೂನ್‌ನಲ್ಲಿ, ಗೇಣಿದಾರರಿಗೇ ಜಮೀನು ಕೊಡೋ ‘ಉಳುವವನೇ ಒಡೆಯ’ ಕಾನೂನು ಜಾರಿಗೆ ಬಂದಿದ್ದು 1974ರ ಮಾರ್ಚ್‌ನಲ್ಲಿ, ಅದೂ ದೇವರಾಜ ಅರಸು ಅವರ ಸರ್ಕಾರದಲ್ಲಿ. ಅಪ್ಪಂಗೆ ಇದನ್ನ ಹೇಳಿದ್ರೆ ‘ನಿಂಗೆ ಎಂತ ಗೊತ್ತಾಗುತ್ತೆ’ ಅಂತ ಎದ್ದು ಹೋದ್ರು.

ಆರಗ ಗೇಟ್:
ನಿಮ್ಮಪ್ಪ ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಮಾರಾಯ್ರೆ. ಗೌಡ್ರು ನಮ್ಮ ಆರಗದವ್ರು, 1923ರಲ್ಲಿ ಹುಟ್ಟಿದ್ದು. 1951ರಲ್ಲಿ ಸಾಗರದ ಹತ್ರ ಕಾಗೋಡಲ್ಲಿ ಗಲಾಟೆ ಶುರುವಾಗಿದ್ದೇ ಈ ಕೊಳಗದ ವಿಷಯಕ್ಕೆ, ಒಡೆಯರ ಮನೆ ಕೊಳಗ ದೊಡ್ಡದು, ಗೇಣಿ ಭತ್ತ ಅದ್ರಲ್ಲೇ ಅಳೀಬೇಕು, ಹಾಗಾಗಿ ಕಾಗದದ ಲೆಕ್ಕ ಒಂದು, ಕಣದಿಂದ ಹೋಗೋ ಭತ್ತ ಇನ್ನೊಂದು. ಗಣಪತಿಯಪ್ಪನವ್ರು ಅಲ್ಲಿ ರೈತ್ರನ್ನ ಕಟ್ಟಿದ್ರು, ಆಮೇಲೆ ಗೌಡ್ರು, ಸೋಷಿಯಲಿಸ್ಟ್ ಪಾರ್ಟಿ ಎಲ್ಲಾ ಸೇರ್ಕೊಂಡು ಲೋಹಿಯಾನೇ ಬಂದು ಅರೆಸ್ಟ್ ಆದ್ರು. ಮರುವರ್ಷ 1952ರ ಎಲೆಕ್ಷನ್ನಲ್ಲಿ ಸಾಗರ-ಹೊಸನಗರದಿಂದ ಗೌಡ್ರು ಗೆದ್ರು, ಕಾಂಗ್ರೆಸ್ಸಿನ ಬದರಿನಾರಾಯಣ್ ವಿರುದ್ಧ. ‘ಒಂದು ವೋಟು ಒಂದು ನೋಟು’ ಅಂತ ಜನರ ಹತ್ರಾನೇ ದುಡ್ಡು ಎತ್ತಿ ನಿಂತಿದ್ದು ಅಂತ ನಮ್ಮ ಕಡೆ ಈಗ್ಲೂ ಹೇಳ್ತಾರೆ. ಈಗ ನಾಮಿನೇಷನ್ ದಿನ ಬರೋ ಕಾರ್ ಲೈನಿಗೇ ಅದಕ್ಕಿಂತ ಜಾಸ್ತಿ ಪೆಟ್ರೋಲ್ ಬೇಕು, ಇರ್ಲಿ ಬಿಡಿ.

1957ರಲ್ಲಿ ಸೋತ್ರು, 62 ಮತ್ತು 67ರಲ್ಲಿ ತೀರ್ಥಹಳ್ಳಿಯಿಂದ ಗೆದ್ರು. ಅಷ್ಟೂ ವರ್ಷ ವಿರೋಧ ಪಕ್ಷ, ಮಂತ್ರಿ ಆಗೋದು ಎಲ್ಲಿಂದ?

ಸಾಗರದವ್ಳು:
ಕಾಗೋಡು ಆಗಿದ್ದಕ್ಕೇ ಗೇಣಿ ವಿಷಯ ಸದನಕ್ಕೆ ಬಂದಿದ್ದು, ಸರಿ. ಆದ್ರೆ ನಮ್ಮಜ್ಜಿ ವಿಧವೆ, ಇದ್ದಿದ್ದು ಎರಡೇ ಎಕರೆ, ಗೇಣಿಗೆ ಕೊಟ್ಟಿದ್ರು. ಗೇಣಿ ಮಾಡ್ತಿದ್ದೋರು ಗದ್ದೆ ತಮ್ಗೆ ಬರ್ಬೇಕು ಅಂತ ಡಿಕ್ಲರೇಷನ್ ಹಾಕಿದ್ರು, ಹೋಯ್ತು. ಸಾಯೋ ತನಕ ಅಜ್ಜಿ ಆ ಗದ್ದೆ ಬದಿ ದಾರೀಲಿ ನಡೀತಾ ಇರ್ಲಿಲ್ಲ, ಸುತ್ತು ಹಾಕ್ಕೊಂಡು ದೇವಸ್ಥಾನಕ್ಕೆ ಹೋಗ್ತಿದ್ರು. ಕಾನೂನು ತಪ್ಪು ಅಂತ ನಾನು ಹೇಳಲ್ಲ, ದೊಡ್ಡ ಒಡೆಯರ ಜೊತೆ ಇಂಥವ್ರೂ ಕಳ್ಕೊಂಡ್ರು ಅಂತ ಅಷ್ಟೇ.

ಆರಗ ಗೇಟ್:
ಹೌದಕ್ಕ, ನಮ್ಮೂರಲ್ಲೂ ಒಂದೆರಡು ಮನೆ ಹಾಗೇ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ತುಂಗಾ ತೀರ:
ಇನ್ನೊಂದು ಬಿಟ್ರಿ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ ಅಂತ ಸದನದಲ್ಲಿ ಪಟ್ಟು ಹಿಡಿದವ್ರಲ್ಲಿ ಗೌಡ್ರೂ ಒಬ್ರು. ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ, ಅದನ್ನೂ ಅವ್ರು ನೋಡ್ಲಿಲ್ಲ. ತೀರ್ಕೊಂಡಾಗ 49 ವರ್ಷ ಅಷ್ಟೆ. ಅಂದಹಾಗೆ ಆ ಕೊಳಗದ ಫೋಟೋ ಹಾಕಿ, ಸೇರು ಇದ್ರೆ ಅಳ್ದು ನೋಡಿ ಎಷ್ಟು ಹಿಡಿಯುತ್ತೆ ಅಂತ.

ಹೊಸನಗರದ ಹುಡ್ಗ:
ಎಲ್ರಿಗೂ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳ್ದೆ, ಆ ಅಜ್ಜಿ ವಿಷಯ ಬಂದಾಗ ಸ್ವಲ್ಪ ಹೊತ್ತು ಸುಮ್ನಿದ್ದು ‘ನಮ್ಮದೂ ಯಾರದ್ದೋ ಆಗಿತ್ತಲ್ಲ’ ಅಂದ್ರು. ಅಳ್ಯೋಕೆ ಹೋದ್ವಿ, ಪಕ್ಕದ್ಮನೆಯಿಂದ ಸೇರು ತಂದು ಅಕ್ಕಿ ಹುಯ್ದಿದ್ದೂ ಆಯ್ತು, ಮೂರನೇ ಸೇರಿಗೆ ನೋಡಿದ್ರೆ ತಳ ಗೆದ್ದಲು ತಿಂದು ಅಕ್ಕಿ ಎಲ್ಲಾ ಜಗಲಿ ಮೇಲೆ. ಅಮ್ಮ ಇನ್ನೂ ಬೈತಾ ಇದಾರೆ.