ಪವಿತ್ರ ಗ್ರಂಥದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಯಾರದು? ಮತಸುಧಾರಣೆಯ ಕುರಿತು ಒಂದು ಪ್ರಶ್ನೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೊಟೆಸ್ಟೆಂಟ್ ಕುಟುಂಬದಲ್ಲಿ ಬೆಳೆದವಳು, ಮದುವೆಯಾಗಿ ಬಂದದ್ದು ಕಥೋಲಿಕರ ಮನೆಗೆ. ಎರಡೂ ಮನೆಯವರು ಪ್ರೀತಿಯಿಂದಲೇ ಇದ್ದಾರೆ. ಆದರೆ ಮತಸುಧಾರಣೆಯ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಜಾಡಿನಲ್ಲಿ ಸಾಗಿ ಒಂದೇ ಕಡೆ ನಿಂತುಬಿಡುತ್ತದೆ. ಪಾಪವಿಮೋಚನಾ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದ ಸಭೆಯಿಂದ ಹೊರಬರದೆ ಲೂಥರನಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ನನ್ನ ತಂದೆಯವರು ಹೇಳುತ್ತಾರೆ. ಮನೆಯಲ್ಲಿ ಕಸ ತುಂಬಿದರೆ ಗುಡಿಸಬೇಕೇ ಹೊರತು ಮನೆ ಬಿಟ್ಟು ಹೋಗಬಾರದು, ಆ ಕಸವನ್ನು ಧರ್ಮಾಧ್ಯಕ್ಷರು ಕೂಡಿದ ಟ್ರೆಂಟ್ ಮಹಾಸಭೆ ಗುಡಿಸಿತಲ್ಲ ಎಂದು ಮಾವನವರು ಹೇಳುತ್ತಾರೆ.

ಮಾವನವರ ಮಾತಿನಲ್ಲಿ ಸತ್ಯವಿದೆ ಎಂದು ಓದಿದ ಮೇಲೆ ನನಗೂ ತಿಳಿಯಿತು. ಪಾಪವಿಮೋಚನೆಯ ಹೆಸರಿನಲ್ಲಿ ಕಾಣಿಕೆ ಎತ್ತುವವರ ಹುದ್ದೆಯನ್ನೇ ಟ್ರೆಂಟ್ ಮಹಾಸಭೆ 1562ರಲ್ಲಿ ರದ್ದುಪಡಿಸಿತು. ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆ ಎಂಬ ಮೂಲ ವಿಷಯದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಸಭೆಗಳ ವಿಶ್ವ ಒಕ್ಕೂಟವೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗ್ ನಗರದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದವು. ಹಾಗಿದ್ದ ಮೇಲೆ ಇನ್ನೂ ಬೇರೆಯಾಗಿಯೇ ಉಳಿದಿರುವುದೇಕೆ? ಎಲ್ಲರೂ ಕೊನೆಗೆ 'ಅಧಿಕಾರದ ಪ್ರಶ್ನೆ' ಎಂದು ಹೇಳಿ ನಿಲ್ಲಿಸುತ್ತಾರೆ. ಆ ಪ್ರಶ್ನೆ ನಿಜವಾಗಿ ಏನು? ಅರ್ಥ ಹೇಳುವವರಿಲ್ಲದೆ ಗ್ರಂಥವೊಂದೇ ಸಾಲುತ್ತದೆಯೇ? ಅರ್ಥ ಹೇಳುವವರೊಬ್ಬರು ಇರಲೇಬೇಕೆಂದಾದರೆ, ಅವರು ತಪ್ಪಿದಾಗ ಅವರನ್ನು ತಿದ್ದುವವರು ಯಾರು? ಯಾರನ್ನೂ ಸೋಲಿಸುವುದಕ್ಕಾಗಿ ಕೇಳುತ್ತಿಲ್ಲ. ಎರಡೂ ಮನೆಗಳು ನನ್ನವೇ ಆದ್ದರಿಂದ ಕೇಳುತ್ತಿದ್ದೇನೆ.

ಉತ್ತರ 1: ಕಥೋಲಿಕ ವಿಶ್ವಾಸಿ

ಸಹೋದರಿ, ಮೊದಲು ಪಾಠಪುಸ್ತಕಗಳಿಂದ ಬಂದ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪಾಪವಿಮೋಚನಾ ಪತ್ರ ಪಾಪವನ್ನು ಕ್ಷಮಿಸುತ್ತದೆ ಎಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಪಶ್ಚಾತ್ತಾಪ ಮತ್ತು ಪಾಪನಿವೇದನೆಯಿಂದ ಕ್ಷಮೆ ದೊರೆತ ಮೇಲೂ ತೀರಿಸಬೇಕಾಗಿ ಉಳಿಯುವ ತಾತ್ಕಾಲಿಕ ದಂಡನೆಯ ವಿನಾಯಿತಿ ಅದು. ಆದರೆ ನಡೆದ ಅನ್ಯಾಯವನ್ನು ನಾನು ಮುಚ್ಚಿಡಲಾರೆ. ಮಾಗ್ಡೆಬುರ್ಗ್‌ನ ಮಹಾಧರ್ಮಾಧ್ಯಕ್ಷನಾಗಿದ್ದ ಆಲ್ಬ್ರೆಖ್ಟ್ ಮೈಂಜ್‌ನ ಪೀಠವನ್ನೂ ಪಡೆಯಲು ರೋಮಿಗೆ ಕೊಡಬೇಕಾದ ಹಣವನ್ನು ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಸಾಲ ತಂದನು. ಪಾಪವಿಮೋಚನಾ ಪತ್ರಗಳ ಬೋಧಕ ಟೆಟ್ಸೆಲ್ ಊರೂರು ಸುತ್ತಿ ಎತ್ತಿದ ಹಣದಲ್ಲಿ ಅರ್ಧ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ ಹೋದರೆ, ಉಳಿದ ಅರ್ಧ ಆ ಸಾಲ ತೀರಿಸುವುದಕ್ಕೆ ಹೋಯಿತು. ಇದನ್ನು ಓದುವಾಗ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಆದರೂ 1517ರಲ್ಲಿ ಲೂಥರ್ ಬರೆದ 95 ಪ್ರತಿಪಾದನೆಗಳನ್ನು ಒಮ್ಮೆ ಪೂರ್ತಿಯಾಗಿ ಓದಿರಿ. ಅವುಗಳಲ್ಲಿ ಜಗದ್ಗುರುಗಳ, ಅಂದರೆ ಪೋಪರ, ಪೀಠವನ್ನು ನಿರಾಕರಿಸುವ ಮಾತಿಲ್ಲ. ಈ ಬೋಧಕರ ಸುಲಿಗೆ ಪೋಪರಿಗೆ ತಿಳಿದರೆ, ತಮ್ಮ ಕುರಿಗಳ ಚರ್ಮ, ಮಾಂಸ, ಮೂಳೆಗಳಿಂದ ಸಂತ ಪೇತ್ರರ ದೇವಾಲಯವನ್ನು ಕಟ್ಟುವುದಕ್ಕಿಂತ ಅದು ಸುಟ್ಟು ಬೂದಿಯಾಗುವುದೇ ಲೇಸು ಎಂದಾರು ಎಂದು 50ನೆಯ ಪ್ರತಿಪಾದನೆ ಹೇಳುತ್ತದೆ. ಅದು ಮಗ ತಂದೆಗೆ ಕೊಡುವ ದೂರಿನಂತಿದೆ. ಬಿರುಕು ಬಿಟ್ಟದ್ದು ಎರಡು ವರ್ಷಗಳ ನಂತರ, 1519ರ ಲೈಪ್‌ಜಿಗ್ ವಾದದಲ್ಲಿ. ನಿಮ್ಮ ಮಾತು ಕಾನ್‌ಸ್ಟನ್ಸ್ ಮಹಾಸಭೆ ಖಂಡಿಸಿದ ಯಾನ್ ಹುಸ್‌ನ ಮಾತಿನಂತೆಯೇ ಇದೆಯಲ್ಲ ಎಂದು ಕಥೋಲಿಕ ಪಂಡಿತ ಯೋಹಾನ್ ಎಕ್ ಪಟ್ಟುಹಿಡಿದು ಕೇಳಿದಾಗ, ಹುಸ್‌ನ ಖಂಡನೆಗೊಳಗಾದ ವಾಕ್ಯಗಳಲ್ಲಿ ಹಲವು ಅಪ್ಪಟ ಕ್ರೈಸ್ತ ವಾಕ್ಯಗಳೇ ಆಗಿವೆ ಎಂದು ಲೂಥರ್ ಹೇಳಿದನು. ಮಹಾಸಭೆಯೂ ತಪ್ಪಬಹುದು ಎಂಬ ನಿಲುವು ಅಲ್ಲಿಂದ ಬಹಿರಂಗವಾಯಿತು. ಆ ಕ್ಷಣದಿಂದ ವಿವಾದ ಹಣದ್ದಾಗಿ ಉಳಿಯಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಸ ಒಡಂಬಡಿಕೆಯ ಪತ್ರಗಳು ಬರೆಯಲ್ಪಡುವ ಮೊದಲೇ ಧರ್ಮಸಭೆಯಿತ್ತು, ಪ್ರೇಷಿತರ ಬೋಧನೆಯಿತ್ತು, ರೊಟ್ಟಿ ದ್ರಾಕ್ಷಾರಸಗಳ ಪರಮಪ್ರಸಾದವಿತ್ತು. ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತ ಸಂಪ್ರದಾಯಗಳನ್ನು ಬಿಡದೆ ಹಿಡಿದುಕೊಳ್ಳಿರಿ ಎಂದು ಸಂತ ಪೌಲರೇ ಥೆಸಲೋನಿಕದವರಿಗೆ ಬರೆದಿದ್ದಾರೆ. ಇಂದು ನಾವೆಲ್ಲರೂ ಒಪ್ಪುವ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅದೇ ರೂಪದಲ್ಲಿ ನಮಗೆ ಸಿಗುವುದು ಸಂತ ಅಥನಾಸಿಯರ 367ನೆಯ ಇಸವಿಯ ಪತ್ರದಲ್ಲಿ. 397ರ ಕಾರ್ಥೇಜ್ ಸಭೆಯೂ ಅದನ್ನು ದೃಢಪಡಿಸಿತು. ಯಾವ ಪುಸ್ತಕ ದೇವರ ವಾಕ್ಯವೆಂದು ಹೇಳಲು ಧರ್ಮಸಭೆಯನ್ನು ನಂಬಿ, ಆ ಪುಸ್ತಕದ ಅರ್ಥ ಹೇಳುವಾಗ ಮಾತ್ರ ಅದನ್ನು ನಂಬಲಾರೆ ಎನ್ನುವುದು ಹೇಗೆ?

ಅರ್ಥ ಹೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮಾರ್‌ಬುರ್ಗ್‌ನಲ್ಲಿ ನೋಡಬಹುದು. 1529ರಲ್ಲಿ ಲೂಥರ್ ಮತ್ತು ಜ್ಯೂರಿಕ್‌ನ ಸುಧಾರಕ ತ್ಸ್ವಿಂಗ್ಲಿ ಅಲ್ಲಿ ಎದುರುಬದುರು ಕುಳಿತರು. ಇಬ್ಬರೂ ಗ್ರಂಥವೊಂದೇ ಸಾಕೆಂದವರು, ಇಬ್ಬರೂ ಪಂಡಿತರು. 15 ಅಂಶಗಳಲ್ಲಿ 14ನ್ನು ಒಪ್ಪಿಕೊಂಡರು. ಆದರೆ ಯೇಸು ರೊಟ್ಟಿಯನ್ನು ಕೈಗೆತ್ತಿಕೊಂಡು ಹೇಳಿದ 'ಇದು ನನ್ನ ಶರೀರ' ಎಂಬ ವಾಕ್ಯವನ್ನು ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟು ಕದಲಲಿಲ್ಲ. ತ್ಸ್ವಿಂಗ್ಲಿಯೂ ಆ ವಾಕ್ಯವನ್ನು ನಂಬಿದವನೇ, ಆದರೆ ಅದರಲ್ಲಿನ ಕ್ರಿಯಾಪದಕ್ಕೆ 'ಸೂಚಿಸುತ್ತದೆ' ಎಂದು ಅರ್ಥ ಹೇಳಿದನು. ಇಬ್ಬರ ಮುಂದೆಯೂ ಇದ್ದದ್ದು ಅದೇ ವಾಕ್ಯ. ತೀರ್ಪು ಹೇಳುವವರಿರಲಿಲ್ಲ, ಬೇರ್ಪಟ್ಟರು. ಇದರಲ್ಲಿ ನನಗೆ ಗೆಲುವಿನ ಸಂತೋಷವಿಲ್ಲ. ಕ್ರಿಸ್ತರ ಪ್ರಸಾದದ ಮೇಜಿನ ಬಳಿಯೇ ಜನ ಒಡೆದುಹೋದರಲ್ಲ ಎಂಬ ನೋವಿದೆ.

ಉತ್ತರ 2: ಪ್ರೊಟೆಸ್ಟೆಂಟ್ ಸಭೆಯ ಬೋಧಕ

ಹಿಂದಿನ ಉತ್ತರ ಬರೆದವರ ಪ್ರಾಮಾಣಿಕತೆಗೆ ವಂದನೆಗಳು. ಮಾರ್‌ಬುರ್ಗ್ ನಮ್ಮ ಗಾಯ, ಅದನ್ನು ಅಲ್ಲಗಳೆಯುವುದಿಲ್ಲ. ಅದಕ್ಕಿಂತ ಕಹಿಯಾದುದನ್ನೂ ನಾನೇ ಹೇಳುತ್ತೇನೆ. ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ ಎಂದು ಸತ್ಯವೇದದಿಂದಲೇ ವಾದಿಸಿದ ಫೆಲಿಕ್ಸ್ ಮಾಂಜ್ ಎಂಬವನನ್ನು 1527ರ ಜನವರಿಯಲ್ಲಿ ಸುಧಾರಣೆಯ ನಗರವಾದ ಜ್ಯೂರಿಕ್‌ನ ಆಡಳಿತವೇ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು.

ಆದರೆ 'ಸತ್ಯವೇದ ಮಾತ್ರ' ಎಂಬ ನಮ್ಮ ಮಾತನ್ನು, ಪ್ರತಿಯೊಬ್ಬನೂ ಮೂಲೆಯಲ್ಲಿ ಕುಳಿತು ತನಗೆ ತೋಚಿದ ಅರ್ಥವನ್ನು ಹೇಳಬಹುದು ಎಂದು ತಿಳಿಯುವುದು ಸರಿಯಲ್ಲ. ನೈಸಿಯದ ವಿಶ್ವಾಸಪ್ರಮಾಣವನ್ನು ನಾವು ಆರಾಧನೆಯಲ್ಲಿ ಹೇಳುತ್ತೇವೆ. ಆಗ್ಸ್‌ಬುರ್ಗ್‌ನ ವಿಶ್ವಾಸ ನಿವೇದನೆಯನ್ನು 1530ರಲ್ಲಿ ಚಕ್ರವರ್ತಿಯ ಮುಂದೆ ಓದಿದವರು ತಾವು ಹೊಸ ಧರ್ಮವನ್ನು ಕಟ್ಟುತ್ತಿಲ್ಲ, ಪ್ರಾಚೀನ ಸಭೆಯ ನಂಬಿಕೆಯನ್ನೇ ಹೇಳುತ್ತಿದ್ದೇವೆ ಎಂದು ವಾದಿಸಿದರು. ಜಿನೀವಾದ ಸುಧಾರಕ ಕ್ಯಾಲ್ವಿನ್ ಪುಟಪುಟದಲ್ಲೂ ಪ್ರಾಚೀನ ಸಭೆಯ ಪಂಡಿತನಾದ ಅಗಸ್ಟೀನನನ್ನು ಉಲ್ಲೇಖಿಸುತ್ತಾನೆ. ಸಂಪ್ರದಾಯಕ್ಕೆ ನಮ್ಮಲ್ಲಿ ಸಾಕ್ಷಿಯ ಸ್ಥಾನವಿದೆ, ಹಿರಿಯನ ಸ್ಥಾನವಿದೆ. ಕೊನೆಯ ತೀರ್ಪಿನ ಸ್ಥಾನ ಮಾತ್ರ ವಾಕ್ಯದ್ದು. ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಸಭೆಯ ಮುಂದೆ 1521ರ ಏಪ್ರಿಲ್‌ನಲ್ಲಿ ಲೂಥರ್ ಹೇಳಿದ್ದೂ ಇಷ್ಟೇ: ಪೋಪರೂ ಮಹಾಸಭೆಗಳೂ ಹಲವು ಬಾರಿ ತಪ್ಪಿದ್ದಾರೆ, ತಮಗೆ ತಾವೇ ವಿರುದ್ಧವಾಗಿ ನುಡಿದಿದ್ದಾರೆ, ಆದ್ದರಿಂದ ಶಾಸ್ತ್ರದ ಸಾಕ್ಷ್ಯದಿಂದ ಅಥವಾ ಸ್ಪಷ್ಟವಾದ ಯುಕ್ತಿಯಿಂದ ಮನವರಿಕೆಯಾಗದೆ ನಾನು ಹಿಂದೆಗೆಯಲಾರೆ.

ಪುಸ್ತಕಗಳ ಪಟ್ಟಿಯ ಕುರಿತು ಒಂದು ಮಾತು. ಒರೆಗಲ್ಲಿಗೆ ಉಜ್ಜಿ ಇದು ಚಿನ್ನವೆಂದು ಗುರುತಿಸಿದ ಅಕ್ಕಸಾಲಿಗ ಆ ಚಿನ್ನವನ್ನು ಸೃಷ್ಟಿಸಿದವನಲ್ಲ, ಅವನ ಮಾತಿನಿಂದ ಅದಕ್ಕೆ ಬೆಲೆ ಬಂದದ್ದೂ ಅಲ್ಲ. ಸಭೆಯು 27 ಪುಸ್ತಕಗಳಲ್ಲಿ ಕುರುಬನ ದನಿಯನ್ನು ಗುರುತಿಸಿತು. ಆ ದನಿಗೆ ಅಧಿಕಾರವನ್ನು ಕೊಡಲಿಲ್ಲ. ಹಳೆಯ ಒಡಂಬಡಿಕೆಯ ಪಟ್ಟಿಯಲ್ಲಂತೂ ಸಂದೇಹ ಲೂಥರನಿಂದ ಶುರುವಾದದ್ದಲ್ಲ. ಹೀಬ್ರೂ ಪಟ್ಟಿಯಲ್ಲಿಲ್ಲದ ಪುಸ್ತಕಗಳನ್ನು ಬೈಬಲನ್ನು ಲ್ಯಾಟಿನಿಗೆ ತಂದ ಜೆರೋಮನೇ ಬೇರೆಯಾಗಿ ಎಣಿಸಿದ್ದನು. ಲೂಥರ್ ತನ್ನ 1534ರ ಜರ್ಮನ್ ಬೈಬಲಿನಿಂದ ಅವುಗಳನ್ನು ಕಿತ್ತೆಸೆಯಲಿಲ್ಲ. ಶಾಸ್ತ್ರಕ್ಕೆ ಸಮಾನವಲ್ಲದಿದ್ದರೂ ಓದಲು ಉಪಯುಕ್ತವಾದವು ಎಂದು ಬರೆದು ಎರಡು ಒಡಂಬಡಿಕೆಗಳ ನಡುವೆ ಇಟ್ಟನು.

ಇನ್ನು ತೀರ್ಪುಗಾರನ ವಿಷಯ. ತೀರ್ಪುಗಾರನೊಬ್ಬನಿದ್ದರೆ ಜಗಳ ತೀರುತ್ತದೆ ಎನ್ನುವುದು ಕೇಳಲು ಚೆನ್ನಾಗಿದೆ. ಆದರೆ ಮತಸುಧಾರಣೆಗೆ 100 ವರ್ಷ ಮೊದಲು, ತಾನೇ ನಿಜವಾದ ಪೋಪನೆಂದು ಹೇಳುವವರು ಒಂದೇ ಕಾಲಕ್ಕೆ ಮೂವರಿದ್ದರು. ಅದನ್ನು ಬಗೆಹರಿಸಲು ಕೂಡಿದ ಕಾನ್‌ಸ್ಟನ್ಸ್ ಮಹಾಸಭೆ, ನಂಬಿಕೆ ಮತ್ತು ಸುಧಾರಣೆಯ ವಿಷಯದಲ್ಲಿ ಪೋಪನೂ ತನಗೆ ವಿಧೇಯನಾಗಿರಬೇಕು ಎಂದು 1415ರಲ್ಲಿ ಸಾರಿತು. 1460ರಲ್ಲಿ ಎರಡನೆಯ ಪಯಸ್, ಪೋಪನ ತೀರ್ಪಿನ ಮೇಲೆ ಮಹಾಸಭೆಗೆ ಮೇಲ್ಮನವಿ ಸಲ್ಲಿಸುವುದನ್ನೇ ನಿಷೇಧಿಸಿದನು. 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ, ಪೋಪನು ತನ್ನ ಪೀಠದಿಂದ ಮಾಡುವ ವಿಧ್ಯುಕ್ತ ನಿರ್ಣಯಗಳು ಸಭೆಯ ಸಮ್ಮತಿಯಿಂದಲ್ಲ, ತಮ್ಮಿಂದ ತಾವೇ ಬದಲಾಯಿಸಲಾಗದವು ಎಂದಿತು. ಇವುಗಳಲ್ಲಿ ಯಾವುದು ಯಾವುದನ್ನು ತಿದ್ದಬೇಕು? ತೀರ್ಪುಗಾರ ಯಾರು ಎಂಬುದೇ ವಿವಾದವಾದಾಗ, ಅದನ್ನು ತೀರಿಸಲು ನೀವೂ ಕೊನೆಗೆ, 'ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು' ಎಂದು ಯೇಸು ಪೇತ್ರನಿಗೆ ಹೇಳುವ ಮತ್ತಾಯನ 16ನೆಯ ಅಧ್ಯಾಯವನ್ನೇ ತೆರೆಯಬೇಕಾಗುತ್ತದೆ.

ಸಹೋದರಿಯವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿದೆ. ಅಂತಿಯೋಕ್ಯದಲ್ಲಿ, ಕಥೋಲಿಕರು ಮೊದಲ ಪೋಪನೆನ್ನುವ ಪೇತ್ರನು ಅನ್ಯಜನರೊಂದಿಗೆ ಊಟಕ್ಕೆ ಕುಳಿತುಕೊಳ್ಳುವುದನ್ನು ನಿಲ್ಲಿಸಿದಾಗ ಪೌಲನು ಮುಖಾಮುಖಿಯಾಗಿ ಅವನನ್ನು ವಿರೋಧಿಸಿದನು. ಪೌಲನು ತನ್ನ ಸ್ಥಾನವನ್ನು ಮುಂದೊಡ್ಡಲಿಲ್ಲ. ಸುವಾರ್ತೆಯ ಸತ್ಯವನ್ನು ಮುಂದಿಟ್ಟನು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಎರಡೂ ಉತ್ತರಗಳನ್ನು ಮನೆಯಲ್ಲಿ ಓದಿ ಹೇಳಿದೆ. ಅಂತಿಯೋಕ್ಯದಲ್ಲಿ ಪೇತ್ರರು ತಪ್ಪಿದ್ದು ನಡತೆಯಲ್ಲೇ ಹೊರತು ಬೋಧನೆಯಲ್ಲಲ್ಲ ಎಂದು ಮಾವನವರು ತಕ್ಷಣ ಹೇಳಿದರು. ಅಕ್ಕಸಾಲಿಗನ ಹೋಲಿಕೆಯನ್ನು ಮಾತ್ರ ಮೆಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಚಿನ್ನ ಅವನು ಮಾಡಿದ್ದಲ್ಲ, ಸರಿ. ಆದರೆ ಒರೆಗಲ್ಲು ಯಾರ ಕೈಯಲ್ಲಿತ್ತು?' ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. 1999ರ ಒಪ್ಪಂದದ ಬಗ್ಗೆ ಇನ್ನೂ ಯಾರೂ ಹೇಳಿಲ್ಲ ಎಂಬುದನ್ನೂ ನೆನಪಿಸುತ್ತೇನೆ.

ಉತ್ತರ 3: ಇತಿಹಾಸದ ಅಧ್ಯಾಪಕ

1999ರ ಒಪ್ಪಂದ ಅರ್ಥವಾಗಬೇಕಾದರೆ 1541ಕ್ಕೆ ಹೋಗಬೇಕು. ಈ ವಿವಾದದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ವರ್ಷ ಅದೇ. ರೇಗೆನ್ಸ್‌ಬುರ್ಗ್‌ನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಎರಡೂ ಪಕ್ಷದ ಪಂಡಿತರನ್ನು ಸೇರಿಸಿದ್ದನು. ಒಂದು ಕಡೆ ಎಕ್ ಮೊದಲಾದವರು, ಇನ್ನೊಂದು ಕಡೆ ಮೆಲಾಂಕ್ಥನ್ ಮತ್ತು ಬುಟ್ಸರ್. ಪೋಪರ ಪ್ರತಿನಿಧಿಯಾಗಿ ಬಂದವರು ಸುಧಾರಣೆಯನ್ನು ಮನಸಾರೆ ಬಯಸಿದ್ದ ಕಾರ್ಡಿನಲ್ ಕೊಂತಾರಿನಿ. ಯಾವುದನ್ನು ಅತ್ಯಂತ ಕಠಿಣವೆಂದು ಎಲ್ಲರೂ ಭಾವಿಸಿದ್ದರೋ ಆ ನೀತಿವಂತಿಕೆಯ ವಿಷಯದಲ್ಲಿ ಅವರು ಒಮ್ಮತಕ್ಕೆ ಬಂದುಬಿಟ್ಟರು. ಮಾತುಕತೆ ಮುರಿದದ್ದು ಆಮೇಲೆ, ಸಭೆಯ ಅಧಿಕಾರ ಮತ್ತು ಪರಮಪ್ರಸಾದದ ವಿಷಯಗಳಲ್ಲಿ. ರೊಟ್ಟಿ ಮತ್ತು ದ್ರಾಕ್ಷಾರಸಗಳ ಸಾರವೇ ಕ್ರಿಸ್ತನ ಶರೀರ ರಕ್ತಗಳಾಗಿ ಮಾರ್ಪಡುತ್ತದೆ ಎಂಬುದನ್ನು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ಸಾರಿತ್ತು. ಕೊಂತಾರಿನಿ ಅದನ್ನು ಬಿಟ್ಟುಕೊಡುವಂತಿರಲಿಲ್ಲ, ಏಕೆಂದರೆ ಬಿಟ್ಟುಕೊಟ್ಟರೆ ಮಹಾಸಭೆಯೊಂದು ತಪ್ಪಿದೆ ಎಂದು ಒಪ್ಪಿದಂತಾಗುತ್ತಿತ್ತು. ಹೊರನೋಟಕ್ಕೆ ಪ್ರಸಾದದ ಜಗಳವಾಗಿ ಕಂಡದ್ದು ಒಳಗೆ ಲೈಪ್‌ಜಿಗ್‌ನ ಜಗಳವೇ ಆಗಿತ್ತು.

ಒರೆಗಲ್ಲಿನ ಪ್ರಶ್ನೆಯನ್ನು ಅದಕ್ಕೂ ಎರಡು ವರ್ಷ ಮೊದಲೇ ಇಬ್ಬರು ಪತ್ರಗಳಲ್ಲಿ ಚರ್ಚಿಸಿದ್ದಾರೆ. 1539ರಲ್ಲಿ ಕಾರ್ಡಿನಲ್ ಸಾದೊಲೇತೊ ಜಿನೀವಾದ ಜನರಿಗೆ ಬರೆದ ಪತ್ರದಲ್ಲಿ, ಇಬ್ಬರು ಮನುಷ್ಯರು ದೇವರ ನ್ಯಾಯಾಸನದ ಮುಂದೆ ನಿಂತ ಚಿತ್ರವನ್ನು ಕಟ್ಟುತ್ತಾನೆ. ಒಬ್ಬನು ಪೂರ್ವಿಕರ ಧರ್ಮಸಭೆಯನ್ನು ವಿಧೇಯತೆಯಿಂದ ಅನುಸರಿಸಿದವನು. ಇನ್ನೊಬ್ಬನು ತನ್ನ ಬುದ್ಧಿಯನ್ನು ನಂಬಿ ಅದರಿಂದ ಬೇರೆಯಾದವನು. ಅವರಲ್ಲಿ ಯಾರು ಹೆಚ್ಚು ನಿರ್ಭಯವಾಗಿ ನಿಲ್ಲಬಲ್ಲರು ಎಂದು ಕೇಳುತ್ತಾನೆ. ಜಿನೀವಾದಿಂದ ಹೊರಹಾಕಲ್ಪಟ್ಟು ಸ್ಟ್ರಾಸ್‌ಬುರ್ಗ್‌ನಲ್ಲಿದ್ದ ಕ್ಯಾಲ್ವಿನ್, ತನ್ನನ್ನು ಹೊರಹಾಕಿದ ಊರಿನ ಪರವಾಗಿಯೇ ಉತ್ತರ ಬರೆದನು. ನೀವು ಸಭೆಯನ್ನು ನಡೆಸುವುದು ಪವಿತ್ರಾತ್ಮನೆಂದಿರಿ, ಆದರೆ ವಾಕ್ಯವನ್ನು ಬಿಟ್ಟಿರಿ. ಆತ್ಮನನ್ನು ವಾಕ್ಯದಿಂದ ಬೇರ್ಪಡಿಸುವ ವಿಷಯದಲ್ಲಿ ಪೋಪನೂ, ಶಿಶುಗಳ ದೀಕ್ಷಾಸ್ನಾನವನ್ನು ನಿರಾಕರಿಸಿದ ಅನಾಬಾಪ್ಟಿಸ್ಟರೂ ಒಂದೇ ಎಂಬುದು ಅವನ ಆರೋಪ. ಐದು ಶತಮಾನಗಳ ಹತ್ತಿರವಾದರೂ ಇವೆರಡು ಪತ್ರಗಳನ್ನು ಮೀರಿಸಿದ ವಾದವನ್ನು ನಾನು ಎರಡೂ ಕಡೆ ಓದಿಲ್ಲ.

ನಿಲುವುಗಳು ಕಲ್ಲಿನಂತೆ ಇದ್ದಲ್ಲೇ ಇವೆ ಎಂದೂ ಹೇಳಲಾಗದು. ದೇವರ ಸತ್ಯವು ಭಾಗಶಃ ಗ್ರಂಥದಲ್ಲಿ, ಭಾಗಶಃ ಅಲಿಖಿತ ಸಂಪ್ರದಾಯದಲ್ಲಿ ಇದೆ ಎಂದು ಟ್ರೆಂಟ್‌ನ ಕರಡಿನಲ್ಲಿತ್ತು. ಆಕ್ಷೇಪಣೆ ಬಂದ ಮೇಲೆ 1546ರ ಏಪ್ರಿಲ್ 8ರ ಅಂತಿಮ ಪಾಠದಲ್ಲಿ ಆ 'ಭಾಗಶಃ'ಗಳು ಹೋಗಿ ಬರಿಯ 'ಮತ್ತು' ಉಳಿಯಿತು. ಎರಡನ್ನೂ ಸಮಾನ ಭಕ್ತಿಗೌರವದಿಂದ ಸ್ವೀಕರಿಸಬೇಕೆಂಬ ಮಾತು ಮಾತ್ರ ಉಳಿದುಕೊಂಡಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಧರ್ಮಸಭೆಯ ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಯಲ್ಲಿರುವಂಥದ್ದು ಎಂದು ಬರೆಯಿತು. ಹಾಗೆಯೇ 1999ರ ಘೋಷಣೆಯ 43ನೆಯ ಪರಿಚ್ಛೇದವನ್ನು ನಿಮ್ಮ ತಂದೆಯವರೂ ಮಾವನವರೂ ಒಟ್ಟಿಗೆ ಕುಳಿತು ಓದಲಿ. ಇನ್ನೂ ಇತ್ಯರ್ಥವಾಗಬೇಕಾದ ವಿಷಯಗಳನ್ನು ಅದು ಹೆಸರಿಸುತ್ತದೆ; ದೇವರ ವಾಕ್ಯಕ್ಕೂ ಸಭೆಯ ಬೋಧನೆಗೂ ಇರುವ ಸಂಬಂಧ, ಸಭೆಯಲ್ಲಿನ ಅಧಿಕಾರ, ಸೇವಾಪದವಿ, ಸಂಸ್ಕಾರಗಳು ಆ ಸಾಲಿನಲ್ಲಿವೆ.

ಉತ್ತರ 2 ಬರೆದವರಿಂದ

ಮಾವನವರಿಗೆ ದಯವಿಟ್ಟು ತಿಳಿಸಿ: ಒರೆಗಲ್ಲು ಸಭೆಯ ಕೈಯಲ್ಲಿತ್ತು, ಒಪ್ಪುತ್ತೇನೆ. ಆದರೆ ಆ ಸಭೆ ಎಂದರೆ ರೋಮಿನ ಪೀಠ ಮಾತ್ರವಲ್ಲ. 367ರ ಪಟ್ಟಿಯನ್ನು ಬರೆದ ಅಥನಾಸಿಯನು ಅಲೆಕ್ಸಾಂಡ್ರಿಯದ ಬಿಷಪನು, 397ರಲ್ಲಿ ಸಭೆ ಸೇರಿದ್ದು ಆಫ್ರಿಕದ ಬಿಷಪರು. ಅಂತಿಯೋಕ್ಯದ ವಿಷಯದಲ್ಲಿ ಅವರು ಮಾಡಿದ ಭೇದ ತೂಕದ್ದು. ಅದಕ್ಕೆ ನಾನು ಇನ್ನಷ್ಟು ಓದಿ ಉತ್ತರಿಸುತ್ತೇನೆ. ಸಾದೊಲೇತೊವಿನ ಪತ್ರವನ್ನು ನಾನು ಈವರೆಗೆ ಕ್ಯಾಲ್ವಿನನ ಉತ್ತರದ ಮೂಲಕವಷ್ಟೇ ಬಲ್ಲೆ. ಈ ಸಲ ಅದನ್ನೇ ಮೊದಲು ಓದುತ್ತೇನೆ.