ಅಮ್ಮನ ಅಸ್ಥಿ ಯಾರ ಹೆಸರಲ್ಲಿದೆ? ಇಂಗ್ಲೆಂಡಿನ ಕೌನ್ಸಿಲ್ ಸ್ಮಶಾನ, ಸ್ಮಾರಕಗಳ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ಗುಂಪಿನವರೇ. ತುಮಕೂರು ಕಡೆಯವರು. ಮಿಡ್‌ಲ್ಯಾಂಡ್ಸ್‌ನ ಒಂದು ಕೌನ್ಸಿಲ್ಲಿನ (ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ನಗರಸಭೆ ಇದ್ದ ಹಾಗೆ) ಸ್ಮಶಾನ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಕೆಲಸದಲ್ಲಿದ್ದಾರೆ. ಊರಿನ ಹೆಸರು ಹಾಕಬೇಡಿ ಅಂದಿದ್ದಾರೆ. ಹೇಳಿರುವುದೆಲ್ಲ ಇಂಗ್ಲೆಂಡಿಗೆ ಅನ್ವಯ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಪ್ರಶ್ನೆ (ರೀಡಿಂಗ್‌ನಿಂದ): ನಮಸ್ಕಾರ ಅಣ್ಣ. ಅಮ್ಮ ವಿಸಿಟರ್ ವೀಸಾದಲ್ಲಿ ನಮ್ಮನೆಗೆ ಬಂದಿದ್ದರು. ಮೂರು ವಾರದ ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ದಹನ ಆಯಿತು, ಅಸ್ಥಿ ಇನ್ನೂ ಅಂತ್ಯಕ್ರಿಯೆ ನಡೆಸಿಕೊಟ್ಟ ಫ್ಯೂನರಲ್ ಡೈರೆಕ್ಟರ್ ಹತ್ತಿರ ಇದೆ. ದಾವಣಗೆರೆಯಿಂದ ನಮ್ಮಣ್ಣ ದಿನಾ ಫೋನ್ ಮಾಡಿ ಶ್ರೀರಂಗಪಟ್ಟಣಕ್ಕೆ ತಗೊಂಡು ಬಾ ಅಂತಾನೆ. ಮಕ್ಕಳು ಅಜ್ಜಿಗೆ ಇಲ್ಲೇ ಒಂದು ಜಾಗ ಬೇಕು ಅಂತಿವೆ. ಹನ್ನೊಂದನೇ ದಿನದ ಕಾರ್ಯವೂ ಕಳೆದುಹೋಯ್ತು. ಹೀಗೇ ತಡ ಮಾಡಿದರೆ ಅಸ್ಥಿ ಎಲ್ಲಾದರೂ ಎಸೆದುಬಿಡ್ತಾರಾ?

ಉತ್ತರ: ಎಸೆಯಲ್ಲಮ್ಮ. ಮೊದಲು ಆ ಭಯ ಬಿಡಿ.

ದಹನಕ್ಕೆ ಮುಂಚೆ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಅರ್ಜಿ ತುಂಬಿ ಸಹಿ ಹಾಕಿರುತ್ತಾರೆ, ಕ್ರಿಮೇಷನ್ ಫಾರ್ಮ್ 1 ಅಂತ. ಅಸ್ಥಿ ಏನು ಮಾಡಬೇಕು, ಯಾರ ಕೈಗೆ ಕೊಡಬೇಕು ಅಂತ ಅದರಲ್ಲೇ ಬರೆಸಿಕೊಂಡಿರುತ್ತಾರೆ. 2008ರ ದಹನ ನಿಯಮಗಳ ಪ್ರಕಾರ ಅಸ್ಥಿ ಕೊಡುವುದು ಆ ಅರ್ಜಿದಾರರಿಗೆ, ಇಲ್ಲವೇ ಅವರು ಹೆಸರಿಸಿದವರಿಗೆ. ಯಾರೂ ಬಂದು ತಗೊಳ್ಳದಿದ್ದರೂ ಅರ್ಜಿದಾರರಿಗೆ 14 ದಿನದ ನೋಟಿಸ್ ಕೊಡದೆ ಸ್ಮಶಾನದವರು ಹೂಳುವಂತಿಲ್ಲ, ಚೆಲ್ಲುವಂತಿಲ್ಲ. ನಮ್ಮ ಆಫೀಸಿನ ಕಪಾಟಿನಲ್ಲಿ ವರ್ಷಗಟ್ಟಲೆ ಕಾದ ಡಬ್ಬಿಗಳಿವೆ. ಪ್ರತಿಯೊಂದರ ಮೇಲೂ ನಂಬರು, ಹೆಸರು, ತಾರೀಖು.

ಇವತ್ತು ನೀವು ಮಾಡಬೇಕಾದ ಕೆಲಸ ಒಂದೇ. ಫಾರ್ಮಿನ ನಕಲು ತರಿಸಿಕೊಂಡು ಅರ್ಜಿದಾರರು ಯಾರು ಅಂತ ನೋಡಿ. ಮಗಳು ಅಳುತ್ತಾ ಕೂತಿರುವಾಗ ಅಳಿಯ ಸಹಿ ಹಾಕಿರುವುದು ತುಂಬಾ ಸಾಮಾನ್ಯ. ಆಮೇಲೆ ಊರಿಂದ ಅಣ್ಣ ಬಂದು ನಮ್ಮ ಕೌಂಟರಿನಲ್ಲಿ "ನಾನು ಹಿರಿಮಗ" ಅಂದರೆ ನಮಗೆ ಅರ್ಥವಾಗುತ್ತದೆ, ಆದರೆ ಕೊಡೋಕಾಗಲ್ಲ. ಈ ಕೌಂಟರಿನಲ್ಲಿ ನಾನು ನೋಡಿದ ಜಗಳಗಳಲ್ಲಿ ದೇವರು, ದುಡ್ಡು ಬಂದದ್ದು ಕಡಿಮೆ. ಕಾಗದದ ಮೇಲೆ ಯಾರ ಹೆಸರಿದೆ ಅನ್ನುವುದೇ ಹೆಚ್ಚು. ನಿಮ್ಮ ಯಜಮಾನರ ಸಹಿ ಇದ್ದರೆ, ಅಣ್ಣನಿಗೆ ಅದನ್ನ ನೀವೇ ಮುಂಚೆ ಹೇಳಿಬಿಡಿ.

ಊರಿಗೆ ಒಯ್ಯಬೇಕು, ಇಲ್ಲೂ ಬೇಕು ಅಂದರೆ ಎರಡು ಭಾಗ ಮಾಡಿಸಬಹುದು. ಆದರೆ ನಮ್ಮಲ್ಲಿ ಮೂರನೇ ದಿನ ಹಾಲು ಚಿಮುಕಿಸಿ ಎಲುಬು ಆಯ್ದುಕೊಂಡ ಹಾಗೆ ಇರಲ್ಲ. ಇಲ್ಲಿ ದಹನವಾದ ಮೇಲೆ ಎಲುಬನ್ನು ಯಂತ್ರದಲ್ಲಿ ಪುಡಿ ಮಾಡುತ್ತಾರೆ. ಎರಡರಿಂದ ಮೂರು ಕೇಜಿ ಬರುತ್ತದೆ, ಬೂದು ಬಣ್ಣ, ಚಿರೋಟಿ ರವೆಗಿಂತ ಸ್ವಲ್ಪ ದಪ್ಪ. ಹೀಗಂದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ಮುಂಚೆ ಗೊತ್ತಿದ್ದರೆ ಚೀಲ ಬಿಚ್ಚುವಾಗ ಕೈ ನಡುಗಲ್ಲ.

ವಿಮಾನಕ್ಕೆ ಲೋಹದ ಕಲಶ ಬೇಡ, ಎಕ್ಸ್‌ರೇಯಲ್ಲಿ ಒಳಗಿರುವುದು ಕಾಣದಿದ್ದರೆ ತಡೆದು ನಿಲ್ಲಿಸುತ್ತಾರೆ. ಮರದ್ದೋ ರಟ್ಟಿನದ್ದೋ ಇರಲಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಡೆತ್ ಸರ್ಟಿಫಿಕೇಟು, ದಹನದ ಸರ್ಟಿಫಿಕೇಟು, ಒಳಗೆ ಬೂದಿ ಬಿಟ್ಟು ಬೇರೇನಿಲ್ಲ ಅಂತ ಫ್ಯೂನರಲ್ ಡೈರೆಕ್ಟರ್ ಕೊಡುವ ಪತ್ರ, ಮೂರೂ ಜೊತೆಗಿರಲಿ. ಟಿಕೆಟ್ ತೆಗೆಯುವ ಮುಂಚೆ ಏರ್‌ಲೈನಿಗೂ ಭಾರತೀಯ ಹೈಕಮಿಷನ್ನಿಗೂ ಒಂದು ಫೋನ್ ಮಾಡಿ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಹೊಳೆಯಲ್ಲ. ಸ್ಮಾರಕಕ್ಕೆ ಅಸ್ಥಿಯೇ ಬೇಕು ಅಂತಿಲ್ಲ. ಅಸ್ಥಿ ಪೂರ್ತಿ ಕಾವೇರಿಗೆ ಹೋದರೂ ಇಲ್ಲಿ ಅಮ್ಮನ ಹೆಸರಿಗೆ ಒಂದು ಫಲಕವೋ ಗುಲಾಬಿ ಗಿಡವೋ ಇರಬಹುದು.

ಅದೇ ಸದಸ್ಯೆ: ಬೆಂಚು ಹಾಕಿಸೋಣ ಅಂತ ಇವರು ಅಂತಾರೆ. ಮನೆ ಹತ್ತಿರದ ಪಾರ್ಕಲ್ಲಿ ಅಮ್ಮ ದಿನಾ ಸಂಜೆ ಕೂರ್ತಿದ್ದ ಜಾಗ ಇದೆ.

ಉತ್ತರ: ಪಾರ್ಕಿನ ಬೆಂಚು ಸ್ಮಶಾನದವರ ಕೈಲಿಲ್ಲ, ಕೌನ್ಸಿಲ್ಲಿನ ಪಾರ್ಕ್ ವಿಭಾಗ ಬೇರೆ, ಅರ್ಜಿ ಬೇರೆ. ಸ್ಮಶಾನದ ತೋಟದಲ್ಲಿ ಹಾಕಿಸುವುದಾದರೆ ನಮ್ಮ ಹತ್ತಿರ ಬನ್ನಿ. ಎಲ್ಲಿ ಹಾಕಿಸಿದರೂ ಬೆಂಚು ನಿಮ್ಮದಾಗಲ್ಲ. ನೀವು ಕೊಡುವುದು ಇಷ್ಟು ವರ್ಷ ಅಂತ ಬಾಡಿಗೆ. ಐದೋ ಹತ್ತೋ ವರ್ಷ ಆದ ಮೇಲೆ ಮತ್ತೆ ಕಟ್ಟಬೇಕು, ಇಲ್ಲದಿದ್ದರೆ ಫಲಕ ತೆಗೆಯುತ್ತಾರೆ. ಗುಲಾಬಿ ಗಿಡ, ಗೋಡೆಯ ಫಲಕ, ಮರ ಎಲ್ಲಕ್ಕೂ ಸಾಮಾನ್ಯವಾಗಿ ಇದೇ ಲೆಕ್ಕ.

ನನ್ನನ್ನ ಕೇಳಿದರೆ ಬುಕ್ ಆಫ್ ರಿಮೆಂಬ್ರೆನ್ಸ್ ಒಳ್ಳೆಯದು. ದೊಡ್ಡ ಪುಸ್ತಕ, ಗಾಜಿನ ಪೆಟ್ಟಿಗೆಯಲ್ಲಿ ಇರುತ್ತದೆ. ಪ್ರತಿದಿನ ಆವತ್ತಿನ ತಾರೀಖಿನ ಪುಟ ತೆರೆದಿಡುತ್ತಾರೆ. ಅಮ್ಮ ಹೋದ ತಾರೀಖಿಗೆ ಮಕ್ಕಳನ್ನ ಕರೆದುಕೊಂಡು ಹೋದರೆ ಅಜ್ಜಿಯ ಹೆಸರು ಎದುರಿಗೇ ಇರುತ್ತದೆ. ನವೀಕರಣದ ತಲೆನೋವು ಇಲ್ಲ. ಗುಜರಾತಿಗಳು ಇದನ್ನ ಯಾವತ್ತೋ ಕಂಡುಕೊಂಡಿದ್ದಾರೆ, ನಮ್ಮವರಿಗೇ ಗೊತ್ತಿಲ್ಲ.

ಇನ್ನೊಬ್ಬರು (ಮಿಲ್ಟನ್ ಕೀನ್ಸ್): ನಮ್ಮಪ್ಪನ ಬೆಂಚಿಗೆ ಹೀಗೇ ಆಯ್ತು. ಹತ್ತು ವರ್ಷ ಮುಗಿದಿದೆ ಅನ್ನೋ ಪತ್ರ ಹಳೇ ಮನೆಗೆ ಹೋಗಿದೆ. ಅಪ್ಪನ ದಿನ ಅಂತ ಹೂವು ತಗೊಂಡು ಹೋದರೆ ಬೆಂಚಿನ ಮೇಲೆ ಬೇರೆ ಯಾರದೋ ಹೆಸರು. ನಾನು ಅಲ್ಲೇ ನಿಂತು ಅತ್ತೆ. ಮನೆ ಬದಲಾಯಿಸಿದರೆ ವಿಳಾಸ ತಿದ್ದಿಸಿ, ಬ್ಯಾಂಕಿಗೆ ಹೇಳ್ತೀವಲ್ಲ ಹಾಗೆ.

ಉತ್ತರ: ಕೇಳಿ ತುಂಬಾ ಬೇಸರವಾಯಿತು. ಎಷ್ಟೋ ಕಡೆ ಹಳೇ ಫಲಕವನ್ನ ಸ್ವಲ್ಪ ದಿನ ಇಟ್ಟುಕೊಂಡಿರುತ್ತಾರೆ, ಕೇಳಿ ನೋಡಿ.

ಪ್ರಶ್ನೆ (ಬರ್ಮಿಂಗ್‌ಹ್ಯಾಮ್): ಸರ್, ನಾವು ಲಿಂಗಾಯತರು, ನಮ್ಮಲ್ಲಿ ಹೂಳುವುದು. ತಂದೆಯವರಿಗೆ 81. ಕೂರಿಸಿ ಸಮಾಧಿ ಮಾಡೋಕೆ ಇಲ್ಲಿ ಬಿಡ್ತಾರಾ? ಜಾಗ ಈಗಲೇ ಕೊಂಡಿಡಬಹುದಾ?

ಉತ್ತರ: ಕೂರಿಸಲು ನಮ್ಮಲ್ಲಿ ಒಂದು ಕುಟುಂಬ ಕೇಳಿತ್ತು, ಮ್ಯಾನೇಜರ್ ಒಪ್ಪಲಿಲ್ಲ. ಗೂಡು ಕೊರೆದು ಕೂರಿಸಲು ಗುಂಡಿ ಅಗಲವಾಗಬೇಕು, ಪಕ್ಕದ ಸಮಾಧಿಯ ಮಣ್ಣು ಜರಿಯುತ್ತದೆ, ಒಳಗೆ ಇಳಿಯುವ ಕೆಲಸಗಾರನ ಜೀವದ ಪ್ರಶ್ನೆ ಅಂದರು. ಕೊನೆಗೆ ಆ ಮನೆಯವರು ಮಲಗಿಸಿಯೇ ಮಾಡಿದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ. ಲೀಡ್ಸ್‌ನಿಂದ ಬಂದಿದ್ದ ಹಿರಿಯರೊಬ್ಬರು ವಚನ ಹೇಳಿದರು. ನಮ್ಮ ಗುಂಡಿ ತೋಡುವವನು, ಇಂಗ್ಲಿಷಿನವನು, ಟೋಪಿ ತೆಗೆದು ಅಷ್ಟು ಹೊತ್ತೂ ನಿಂತಿದ್ದ. ಪೆಟ್ಟಿಗೆ ಬೇಡ, ಬಟ್ಟೆಯಲ್ಲೇ ಹೂಳಬೇಕು ಅಂದರೆ ಎಷ್ಟೋ ಕೌನ್ಸಿಲ್‌ಗಳು ಒಪ್ಪುತ್ತವೆ. ಮುಸ್ಲಿಮರಿಗೆ ಅದು ರೂಢಿಯಲ್ಲಿದೆ.

ಜಾಗ "ಕೊಳ್ಳುವುದು" ಅನ್ನೋ ಮಾತು ಇಲ್ಲಿ ನಡೆಯಲ್ಲ. ನೆಲ ಯಾವಾಗಲೂ ಕೌನ್ಸಿಲ್ಲಿನದು. ನಿಮಗೆ ಸಿಗುವುದು ಆ ಗುಂಡಿಯಲ್ಲಿ ಯಾರನ್ನ ಹೂಳಬೇಕು ಅನ್ನುವ ಹಕ್ಕಿನ ಪತ್ರ. 1977ರ ಸ್ಮಶಾನ ಆದೇಶದ ಪ್ರಕಾರ ಒಂದು ಸಲಕ್ಕೆ ಹೆಚ್ಚೆಂದರೆ 100 ವರ್ಷ, ಆಮೇಲೆ ನವೀಕರಿಸಬಹುದು. ಬಹಳಷ್ಟು ಕಡೆ 50 ಅಥವಾ 75 ಕೊಡುತ್ತಾರೆ. ಮುಂಚಿತವಾಗಿ ಕೊಡುತ್ತಾರಾ ಅನ್ನುವುದು ಜಾಗ ಎಷ್ಟು ಉಳಿದಿದೆ ಅನ್ನುವುದರ ಮೇಲೆ. ಅದೇ ಕೌನ್ಸಿಲ್ಲಿನ ನಿವಾಸಿ ಅಲ್ಲದಿದ್ದರೆ ದರ ಎರಡು ಪಟ್ಟೋ ಮೂರು ಪಟ್ಟೋ ಆಗಬಹುದು, ಆದ್ದರಿಂದ ತಂದೆಯವರ ಹೆಸರು ಯಾವ ವಿಳಾಸದಲ್ಲಿದೆ ನೋಡಿಕೊಳ್ಳಿ.

ಪತ್ರ ತಂದೆಯವರ ಒಬ್ಬರ ಹೆಸರಲ್ಲೇ ಮಾಡಿಸಿದರೆ, ಅವರ ನಂತರ ಕಲ್ಲು ಹಾಕಿಸಲೂ ನಿಮಗೆ ಅಧಿಕಾರ ಇರಲ್ಲ. ಉಯಿಲು, ಪ್ರಮಾಣಪತ್ರ ಅಂತ ತಿರುಗಿ ಹಕ್ಕು ವರ್ಗಾಯಿಸಿಕೊಳ್ಳಬೇಕು. ನಿಮ್ಮ ಹೆಸರೂ ಸೇರಿಸಿ ಜಂಟಿಯಾಗಿ ಮಾಡಿಸಿ. ಕಲ್ಲಿಗೆ ಆತುರ ಬೇಡ. ಮಣ್ಣು ಕುಸಿದು ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಪ್ರಶ್ನೆ (ಹ್ಯಾರೋ): ಮಾವನವರು ಹಾಸ್ಪಿಸ್‌ನಲ್ಲಿದ್ದಾರೆ, ಡಾಕ್ಟರು ಕೈಚೆಲ್ಲಿದ್ದಾರೆ. ಕಟ್ಟಿಗೆ ಚಿತೆ ಇಲ್ಲಿ ಸಾಧ್ಯವಾ? ಕೊನೇ ಪಕ್ಷ ಮಗ ಬೆಂಕಿ ಕೊಡಬಹುದಾ?

ಉತ್ತರ: ನ್ಯೂಕ್ಯಾಸಲ್ಲಿನ ದವಿಂದರ್ ಘಾಯ್ ಅವರು ಚಿತೆಗಾಗಿ ತಮ್ಮ ಕೌನ್ಸಿಲ್ ಮೇಲೆ ಕೋರ್ಟಿಗೆ ಹೋಗಿದ್ದರು. ಗೋಡೆ, ಚಾವಣಿ ಇರುವ ಕಟ್ಟಡದೊಳಗೆ, ಚಾವಣಿಯಲ್ಲಿ ತೆರಪು ಬಿಟ್ಟು ಮಾಡುವುದಾದರೆ ಅದು ಕಾನೂನಿನ ಒಳಗೇ ಬರುತ್ತದೆ ಅಂತ 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ತೀರ್ಪು ಬಂತು, ಆದರೆ ಅಂಥ ಕಟ್ಟಡ ಇರಬೇಕಲ್ಲ, ನಿಮ್ಮ ಮಾವನವರ ಹೊತ್ತಿಗೆ ಅದು ಕೆಲಸಕ್ಕೆ ಬರಲ್ಲ.

ಮಗ ಕೊಡಬಹುದು. "ವಿಟ್ನೆಸ್ ಚಾರ್ಜ್" ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಮನೆಯ ನಾಲ್ಕೈದು ಜನರನ್ನ ಹಿಂದಿನ ಕೋಣೆಗೆ ಬಿಡುತ್ತಾರೆ, ಪೆಟ್ಟಿಗೆ ಒಳಗೆ ಹೋಗುವಾಗ ಹಿರಿಮಗ ಬಟನ್ ಒತ್ತುತ್ತಾರೆ. ಅವತ್ತೇ ಬಂದು ಕೇಳಿದರೆ ಆಗಲ್ಲ. ಬಾಯಿಗೆ ತುಳಸಿ, ಗಂಗಾಜಲ ಆಗುತ್ತದೆ, ಅಕ್ಕಿಕಾಳೂ ಸರಿ. ಪೆಟ್ಟಿಗೆಯೊಳಗೆ ತೆಂಗಿನಕಾಯಿ ಮಾತ್ರ ಇಡಬೇಡಿ, ಕುಲುಮೆಯಲ್ಲಿ ಸಿಡಿಯುತ್ತದೆ. ಹಿತ್ತಾಳೆ ಗಿಂಡಿ, ಗಾಜಿನ ಶೀಶೆ ಬೇಡ. ಪೇಸ್‌ಮೇಕರ್ ಇದ್ದರೆ ಫ್ಯೂನರಲ್ ಡೈರೆಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಅದನ್ನ ತೆಗೆಯಲೇಬೇಕು.

ಕಾಗದಪತ್ರ ಈಗ ಸ್ವಲ್ಪ ಬದಲಾಗಿದೆ. 2024ರ ಸೆಪ್ಟೆಂಬರ್ 9ರಿಂದ ಕಾರೋನರ್ (ಸಾವಿನ ಕಾರಣ ವಿಚಾರಣೆ ಮಾಡುವ ಅಧಿಕಾರಿ) ಹತ್ತಿರ ಹೋಗದ ಪ್ರತಿ ಸಾವನ್ನೂ ಮೆಡಿಕಲ್ ಎಕ್ಸಾಮಿನರ್ ಅನ್ನುವ ಬೇರೊಬ್ಬ ಹಿರಿಯ ಡಾಕ್ಟರು ನೋಡುತ್ತಾರೆ. ಅವರಿಂದ ರಿಜಿಸ್ಟ್ರಾರಿಗೆ ಪತ್ರ ಹೋದ ಮೇಲೆ ಐದು ದಿನದೊಳಗೆ ನೀವು ನೋಂದಣಿ ಮಾಡಿಸಬೇಕು. ಮಾರನೇ ದಿನವೇ ದಹನ ಅಂತ ಊರಲ್ಲಿ ಯಾರಿಗೂ ಮಾತು ಕೊಡಬೇಡಿ.

ಪ್ರಶ್ನೆ (ಲೆಸ್ಟರ್): ಊರಿಗೆ ಹೋಗೋಕೆ ಆಗದವರು ಇಲ್ಲೇ ಹೊಳೆಗೆ ಬಿಡಬಹುದಾ?

ಉತ್ತರ: ನಿಮ್ಮ ಪಕ್ಕದ ಸೋರ್ ನದಿಗೇ ಬಿಡುತ್ತಾರಲ್ಲ, ಬ್ಯಾರೋ ಅಪಾನ್ ಸೋರ್‌ನಲ್ಲಿ ಅದಕ್ಕೆ ದೋಣಿಯೂ ಸಿಗುತ್ತದೆ. ಬೂದಿ ಬಿಡಬಹುದು, ಪ್ಲಾಸ್ಟಿಕ್ ಹಾರ, ಲೋಹದ ಕಲಶ, ಬಟ್ಟೆ ಬಿಡುವಂತಿಲ್ಲ. ಕುಡಿಯುವ ನೀರು ಎತ್ತುವ ಜಾಗದಿಂದ ಒಂದು ಕಿಲೋಮೀಟರಿನೊಳಗೆ ಬೇಡ. ಗಾಳಿ ಬೀಸುವ ದಿನ ಖಂಡಿತ ಬೇಡ, ಯಾಕೆ ಅಂತ ನಾನು ಹೇಳಬೇಕಿಲ್ಲ.

ಮೊದಲ ಸದಸ್ಯೆ (ರೀಡಿಂಗ್): ಫಾರ್ಮ್ ಸಿಕ್ಕಿತು ಅಣ್ಣ. ಸಹಿ ಇವರದೇ. "ಮುಂದೆ ತಿಳಿಸುವವರೆಗೆ ಇಟ್ಟುಕೊಳ್ಳಿ" ಅಂತ ಬರೆದಿದ್ದಾರೆ, ಬರೆದದ್ದು ಅವರಿಗೇ ನೆನಪಿಲ್ಲ. ಅಣ್ಣನಿಗೆ ಫೋಟೋ ಕಳಿಸಿದೆ. ಒಂದು ಗಂಟೆ ಸುಮ್ಮನಿದ್ದ, ಆಮೇಲೆ "ಭಾವನ ಹತ್ತಿರ ನಾನೇ ಮಾತಾಡ್ತೀನಿ, ಡಿಸೆಂಬರ್ ರಜಕ್ಕೆ ಎಲ್ಲರೂ ಬನ್ನಿ, ಒಟ್ಟಿಗೇ ಬಿಡೋಣ" ಅಂದ. ಪುಸ್ತಕದಲ್ಲಿ ಅಮ್ಮನ ಹೆಸರು ಕನ್ನಡದಲ್ಲೇ ಬರೆಸಬಹುದಾ?

ಉತ್ತರ: ಬರೆಸಬಹುದು. ಅದರ ಇಂಗ್ಲಿಷ್ ಅರ್ಥ ಕೇಳುತ್ತಾರೆ, ಜೊತೆಗೇ ಕೊಟ್ಟುಬಿಡಿ. ಆದರೆ ಈಮೇಲಿನಲ್ಲಿ ಟೈಪ್ ಮಾಡಿ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಸರಿಯಿಲ್ಲದಿದ್ದರೆ ಒತ್ತಕ್ಷರ ಒಡೆದುಹೋಗುತ್ತದೆ. ಒಂದು ಫಲಕದಲ್ಲಿ "ಲಕ್ಷ್ಮಮ್ಮ" ಅನ್ನುವುದು "ಲಕ್‌ಷ್‌ಮಮ್‌ಮ" ಅಂತ ಕೆತ್ತಿ ಬಂದಿತ್ತು; ಬರೆದವನಿಗೆ ಅದು ಚಿತ್ರ ಅಷ್ಟೇ, ಅವನ ತಪ್ಪೇನಿಲ್ಲ. ದೊಡ್ಡ ಅಕ್ಷರದಲ್ಲಿ ಪಿಡಿಎಫ್ ಮಾಡಿ, ಇಲ್ಲವೇ ದಪ್ಪ ಪೆನ್ನಲ್ಲಿ ಬಿಳೀ ಹಾಳೆ ಮೇಲೆ ಬರೆದು ಸ್ಕ್ಯಾನ್ ಮಾಡಿ. ಬರೆಯುವ ಮುಂಚೆ ಕರಡು ತೋರಿಸಿ ಅಂತ ಕೇಳಿ. ಕರಡು ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಒತ್ತು, ದೀರ್ಘ ಎಲ್ಲ ನೋಡಿ ಹೇಳ್ತೀನಿ. ಸೋಮವಾರ ನನಗೆ ರಜ.