ಕೊನೆಯ ಹಾಪ್ಸ್ ಯಾವಾಗ ಹಾಕೋದು? ಕಹಿ ಜಾಸ್ತಿ, ಘಮ ಕಮ್ಮಿ

ಕೋಥರೂಡ್ ಕೆಟಲ್
ಮನೆಯಲ್ಲೇ ಮಾಡಿದ 20 ಲೀಟರ್ ಪೇಲ್ ಏಲ್ ಬಿಯರ್, ಓಜಿ (ಹುದುಗುವ ಮುಂಚಿನ ಸಾಂದ್ರತೆ) 1.055. ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂ) ಪೂರಾ ಸಿಟ್ರಾ ತಳಿಯ ಪೆಲೆಟ್, ಕಹಿ ಕೊಡುವ ಆಲ್ಫಾ ಆಸಿಡ್ 12%. ಕುದಿ ಮುಗಿಯಲು 60 ನಿಮಿಷ ಇರುವಾಗ 10 ಗ್ರಾಂ, 10 ನಿಮಿಷ ಇರುವಾಗ 30 ಗ್ರಾಂ, ಒಲೆ ಆರಿಸಿ 40 ಗ್ರಾಂ. ಮುಚ್ಚಳ ಮುಚ್ಚಿ ಅರ್ಧ ಗಂಟೆ ಬಿಟ್ಟು ಆಮೇಲೆ ಚಿಲ್ಲರ್ (ತಣ್ಣೀರು ಹರಿಸಿ ತಣಿಸುವ ಕೊಳವೆ ಸುರುಳಿ). ಟಿನ್ಸೆತ್ ಸೂತ್ರದ ಪ್ರಕಾರ 28 ಐಬಿಯು (ಕಹಿಯ ಅಳತೆ), ಗ್ಲಾಸಿನಲ್ಲಿ ಅದರ ದುಪ್ಪಟ್ಟು ಕಹಿ. ಮಾವು-ಕಿತ್ತಳೆಯ ಘಮ ಹೆಸರಿಗಷ್ಟೇ. 10 ನಿಮಿಷದ್ದನ್ನು 5ಕ್ಕೆ ತಂದರೆ ಸರಿಹೋಗುತ್ತಾ?

ಪೆಲೆಟ್ ಪಂಡಿತ
5ಕ್ಕೆ ತಂದರೂ ಪ್ರಯೋಜನ ಅಷ್ಟಕ್ಕಷ್ಟೆ. ತೊಂದರೆ ಇರುವುದು ಒಲೆ ಆರಿಸಿದ ಮೇಲಿನ ಆ ಅರ್ಧ ಗಂಟೆಯಲ್ಲಿ.

ಒಲೆ ಆರಿದ ಕೂಡಲೇ ಆಲ್ಫಾ ಆಸಿಡ್ ಕಹಿಯಾಗುವುದು ನಿಲ್ಲುವುದಿಲ್ಲ. ಕೋಥರೂಡ್ ಇರುವ ಪುಣೆಯ ಎತ್ತರ ಸುಮಾರು 560 ಮೀಟರ್, ನೀರು ಇಲ್ಲಿ 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಿಟ್ಟ 20 ಲೀಟರ್ ಅರ್ಧ ಗಂಟೆಯಾದರೂ 85ರ ಮೇಲೇ ಇರುತ್ತದೆ. 90ರ ಸುತ್ತ ಕಹಿಯ ವೇಗ ಕುಗ್ಗುತ್ತದೆ, ನಿಲ್ಲುವುದಿಲ್ಲ. 80ರ ಕೆಳಗೆ ಹೋದಾಗಲೇ ತೀರಾ ನಿಧಾನ. ಹಾಗಾಗಿ ನಿಮ್ಮ 10 ನಿಮಿಷದ ಹಾಪ್ಸ್ 20 ನಿಮಿಷಕ್ಕೂ ಹೆಚ್ಚು ಕುದಿದಂತೆ, ಕೊನೆಯ 40 ಗ್ರಾಂ ಹತ್ತು ನಿಮಿಷಕ್ಕೂ ಹೆಚ್ಚು ಕುದಿದಂತೆ. ಟಿನ್ಸೆತ್ ಲೆಕ್ಕ ಕೊನೆಯದ್ದರ ಕಹಿಯನ್ನು ಸೊನ್ನೆ ಎಂದು ಹಿಡಿದಿದೆ. ನಿಜದಲ್ಲಿ ಐಬಿಯು 50 ದಾಟಿರುತ್ತದೆ.

ಘಮದ ಕಥೆ ಬೇರೆ. ಮಿರ್ಸಿನ್‌ನಂಥ ಎಣ್ಣೆಗಳು ಹಬೆಯ ಜೊತೆ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ. ಬ್ರೂ ಮಾಡುವಾಗ ಅಡುಗೆಮನೆ ತುಂಬ ಘಮಘಮ ಅಂದರೆ ಅಷ್ಟು ಬಿಯರಿಗೆ ಖೋತಾ. 20ರಿಂದ 5 ನಿಮಿಷದ ನಡುವಿನ ಹಾಪ್ಸ್ ನನ್ನ ಲೆಕ್ಕದಲ್ಲಿ ಎರಡೂ ಕಡೆ ನಷ್ಟ: 60 ನಿಮಿಷ ಕುದಿಸಿದರೆ ಸಿಗುವ ಕಹಿಯಲ್ಲಿ 10 ನಿಮಿಷಕ್ಕೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಘಮವೂ ಉಳಿಯುವುದಿಲ್ಲ.

ಆ 30 ಮತ್ತು 40 ಎರಡನ್ನೂ ಸೇರಿಸಿ 70 ಗ್ರಾಂ, ವರ್ಟ್ (ಹುದುಗುವ ಮುಂಚಿನ ಮಾಲ್ಟ್ ರಸ) 80 ಡಿಗ್ರಿಗೆ ಇಳಿದ ಮೇಲೆ ಹಾಕಿ. ಒಂದೇ ದಿಕ್ಕಿಗೆ ಎರಡು ನಿಮಿಷ ತಿರುವಿ, 20 ನಿಮಿಷ ಬಿಡಿ, ತಕ್ಷಣ ಪೂರ್ತಿ ತಣಿಸಿ. ಅಲ್ಲಿಂದ ಹತ್ತು-ಹನ್ನೆರಡು ಐಬಿಯು, 60ರದ್ದು 13. ತಾಪಮಾನವನ್ನು ಥರ್ಮಾಮೀಟರಿನಲ್ಲೇ ನೋಡಿ, ಗಡಿಯಾರ ನೋಡಿ ಊಹಿಸಬೇಡಿ.

ಗಡಿನಾಡ ಗಂಟಿ
ಪಂಡಿತರು ಹೇಳಿದ್ದು ಖರೆ ಐತಿ. ಆದ್ರ 60 ನಿಮಿಷಕ್ಕ ಸಿಟ್ರಾ ಯಾಕ ಹಾಳ ಮಾಡ್ತೀರಿ? ಮ್ಯಾಗ್ನಮ್ ಹಾಪ್ಸ್ ಹಾಕ್ರಿ, ಆಲ್ಫಾ ಹೆಚ್ಚುಕಡಿಮಿ ಅಷ್ಟ ಇರ್ತೈತಿ, ಕಹಿ ಸಾಫ್.

80ಕ್ಕ ಲಗೂನ ಇಳಸೂದಕ್ಕ ಒಂದು ಹಾದಿ: ವರ್ಟ್ 16 ಲೀಟರಿಗೆ ಗಟ್ಟಿ ಮಾಡ್ರಿ, ಅಂದ್ರ ಓಜಿ 1.069. ಹಿಂದಿನ ದಿನಾನ 4 ಲೀಟರ್ ನೀರು ಕುದಿಸಿ, ಸ್ಯಾನಿಟೈಸ್ ಮಾಡಿದ ಕ್ಯಾನಿನ್ಯಾಗ ಮುಚ್ಚಿ ಫ್ರಿಜ್ಜಿನ್ಯಾಗ ಇಡ್ರಿ. ಒಲಿ ಆರಿಸಿದ ಕೂಡಲೆ ಸುರುವಿದ್ರ 79-80ಕ್ಕ ಬಂದು ನಿಲ್ತೈತಿ, 20 ಲೀಟರೂ ಆತು, ಓಜಿ 1.055ನೂ ಆತು. ಗಟ್ಟಿ ವರ್ಟಿನ್ಯಾಗ ಕಹಿ ಸ್ವಲ್ಪ ಕಮ್ಮಿ ಬಿಡ್ತೈತಿ, 60ಕ್ಕ ಒಂದೆರಡು ಗ್ರಾಂ ಹೆಚ್ಚಿಗಿ ಹಾಕ್ರಿ. ಏಪ್ರಿಲ್-ಮೇದಾಗ ಟೆರೇಸ್ ಟಾಕಿ ನೀರು ಬಿಸಿನ ಇರ್ತೈತಿ, ಬರೇ ಚಿಲ್ಲರ್ ನಂಬಿದ್ರ 40ರ ಹತ್ರ ಬಂದು ಕುಂತಬಿಡ್ತೈತಿ. ಅಲ್ಲೀತನಕ ನಳದ ನೀರು ಬಿಡ್ರಿ, ಅಲ್ಲಿಂದ ಮುಂದ ಬಕೀಟಿನ್ಯಾಗ ಬರ್ಫ ಹಾಕಿ ಸಣ್ಣ ಪಂಪಿನಿಂದ ತಿರುಗಿಸ್ರಿ. ಮೊದಲ ಬರ್ಫ ಹಾಕಿದ್ರ ಎಲ್ಲಾ ಕರಗಿ ಹೊಕ್ಕೈತಿ.

ನೀರು ಖಡಕವಾಸ್ಲಾ ಡ್ಯಾಮಿನದೋ ಟ್ಯಾಂಕರಿನದೋ? ಬೋರಿನ ಗಡಸು ನೀರಿದ್ರ ಮ್ಯಾಶಿನ (ಬಿಸಿ ನೀರಿನ್ಯಾಗ ನೆನಸಿದ ಮಾಲ್ಟಿನ) ಪಿಎಚ್ ಏರಿ ಕಹಿ ಒಗರಾಗತೈತಿ. ಲ್ಯಾಕ್ಟಿಕ್ ಆಸಿಡ್ ಹಾಕಿ 5.2-5.4ಕ್ಕ ತರ್ರಿ.

ಕೋಥರೂಡ್ ಕೆಟಲ್
ಟ್ಯಾಂಕರ್ ನೀರೇ. ಡ್ರೈ ಹಾಪ್ (ಕುದಿಸದೆ ನೇರ ಫರ್ಮೆಂಟರಿಗೆ ಹಾಕುವ ಹಾಪ್ಸ್) 60 ಗ್ರಾಂ ಸೇರಿಸಬೇಕೆಂದಿದ್ದೇನೆ. ಫರ್ಮೆಂಟೇಶನ್ ನಡೆಯುತ್ತಿರುವಾಗಲೋ, ಮುಗಿದ ಮೇಲೋ? ಬಾಟಲಿಗೇ ತುಂಬುವುದು, ಕೆಗ್ ಇಲ್ಲ.

ಪೆಲೆಟ್ ಪಂಡಿತ
ಬಾಟಲಿ ಅಂದಮೇಲೆ ಹಾಪ್ ಕ್ರೀಪ್ ಬಗ್ಗೆ ಹುಷಾರು. ಹಾಪ್ಸಿನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾರದ ಡೆಕ್ಸ್ಟ್ರಿನ್‌ಗಳನ್ನು ಸಕ್ಕರೆಯಾಗಿ ಒಡೆಯುತ್ತವೆ, ಮಲಗಿದ್ದ ಯೀಸ್ಟ್ ಮತ್ತೆ ಏಳುತ್ತದೆ. ಬಾಟಲಿಯಲ್ಲಿ ಗ್ರಾವಿಟಿ (ಸಾಂದ್ರತೆ) 2 ಪಾಯಿಂಟ್, ಅಂದರೆ 0.002 ಇಳಿದರೂ ಸುಮಾರು 1 ವಾಲ್ಯೂಮ್ (ಬಿಯರಿನಷ್ಟೇ ಗಾತ್ರದ) ಗ್ಯಾಸ್ ಹೆಚ್ಚು. ನೀವು ಹಾಕುವ ಸಕ್ಕರೆಯ 2.4 ವಾಲ್ಯೂಮ್ ಜೊತೆ ಅದು ಸೇರಿದರೆ ಬಾಟಲಿ ಸಿಡಿಯಬಹುದು.

ಫೈನಲ್ ಗ್ರಾವಿಟಿಗೆ (ಹುದುಗು ಮುಗಿದಾಗಿನ ಸಾಂದ್ರತೆಗೆ) ಎರಡು-ಮೂರು ಪಾಯಿಂಟ್ ಬಾಕಿ ಇರುವಾಗಲೇ ಹಾಕಿಬಿಡಿ. ಮುಚ್ಚಳ ತೆಗೆದಾಗ ಒಳಹೋದ ಆಮ್ಲಜನಕವನ್ನು ಯೀಸ್ಟ್ ಬಹುಪಾಲು ಹೀರಿಕೊಳ್ಳುತ್ತದೆ, ಡಯಾಸಿಟೈಲ್ (ಬೆಣ್ಣೆ ವಾಸನೆ ಕೊಡುವ ವಸ್ತು) ಬಂದರೂ ಅದೇ ತಿಂದು ಮುಗಿಸುತ್ತದೆ. 18-20 ಡಿಗ್ರಿಯಲ್ಲಿ ಮೂರು ದಿನ ಸಾಕು. ವಾರಗಟ್ಟಲೆ ಬಿಟ್ಟರೆ ಹುಲ್ಲಿನ ವಾಸನೆ, ಒಗರು. ಆಮೇಲೂ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕ ತೋರಿಸಬೇಕು, ಬೆಣ್ಣೆ ವಾಸನೆ ಇರಬಾರದು. ಎರಡರಲ್ಲಿ ಒಂದು ಸರಿಯಿಲ್ಲದಿದ್ದರೂ ತಣಿಸಬೇಡಿ. ಸರಿ ಇದ್ದರೆ ಎರಡು ದಿನ ಫ್ರಿಜ್ಜಿನಲ್ಲಿ 2-4 ಡಿಗ್ರಿಗೆ ಇಳಿಸಿ, ಪೆಲೆಟ್ ಪುಡಿ ತಳ ಹಿಡಿದ ಮೇಲೆ ಬಾಟಲಿ ತುಂಬಿ.

ಗಡಿನಾಡ ಗಂಟಿ
ಒಡೆದ ಹಾಪ್ಸ್ ಪ್ಯಾಕೆಟ್ ಗಾಳಿ ತಗದು ಸೀಲ್ ಮಾಡಿ ಫ್ರೀಝರಿನ್ಯಾಗ ಇಡ್ರಿ. ಚೀಸ್ ವಾಸನಿ ಹೊಡದ್ರ ಡ್ರೈ ಹಾಪಿಗೆ ಹಾಕಬ್ಯಾಡ್ರಿ.